ಒತ್ತಿದರೂ ನಿಲ್ಲದ ಕೆಂಪು ಬಟನ್: ಐಸ್ ಪ್ಲಾಂಟಿನ ತುರ್ತು ನಿಲುಗಡೆ ಸರ್ಕೀಟನ್ನು ಹೊಸದಾಗಿ ಕಟ್ಟಿದ್ದು

ಅಂಕೋಲಾ ಕಡೆಯ ಕಡಲಂಚಿನ ಒಂದು ಐಸ್ ಪ್ಲಾಂಟು. ಐಸ್ ಪುಡಿ ಮಾಡುವ ಅಂಗಳದ ಗೋಡೆಯಲ್ಲಿ ಎರಡು ಕೆಂಪು ಬಟನ್. ಒಂದನ್ನು ಒತ್ತಿದರೆ ಏನೂ ಆಗಲಿಲ್ಲ. ಇನ್ನೊಂದನ್ನು ಎರಡು ಸಲ ಒತ್ತಿದ ಮೇಲೆ ಇಡೀ ಕಟ್ಟಡದ ಮೇನ್ ಬ್ರೇಕರ್ ಬಿತ್ತು. ಕ್ರಷರ್ ಜೊತೆಗೆ ಲೈಟು, ಎಕ್ಸಾಸ್ಟ್ ಫ್ಯಾನು, ಅಮೋನಿಯ ಸೋರಿಕೆಯ ಅಲಾರಂ ಎಲ್ಲವೂ ಆರಿದವು. ಒದ್ದೆ ನೆಲ, ಕತ್ತಲೆ, ಕರೆಂಟ್ ಹೋದರೂ ತನ್ನ ಭಾರಕ್ಕೆ ಇನ್ನೂ ತಿರುಗುತ್ತಲೇ ಇರುವ ಕ್ರಷರ್. ಒಂದು ಬಟನ್ ಕೆಲಸ ಮಾಡಲಿಲ್ಲ, ಇನ್ನೊಂದು ಕೆಲಸ ಮಾಡಿ ಅಪಾಯ ಹೆಚ್ಚಿಸಿತು.

ರಿಪೇರಿಗೆ ಹಿಡಿದದ್ದು ಜೂನ್‌ನಲ್ಲಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವುದಿಲ್ಲ, ಐಸಿಗೆ ಬೇಡಿಕೆಯೂ ಕಡಿಮೆ. ಇಂಥ ಕೆಲಸಕ್ಕೆ ಇನ್ನೊಂದು ಅನುಕೂಲ ಮಳೆಗಾಲದ್ದೇ: ನೀರು ಎಲ್ಲಿ ಒಳಗೆ ಹೋಗುತ್ತದೆ ಎಂದು ಊಹಿಸಬೇಕಿಲ್ಲ, ಎರಡು ದಿನದಲ್ಲಿ ತಾನೇ ತೋರಿಸುತ್ತದೆ.

ಹಳೆಯದು ಯಾಕೆ ಕೆಟ್ಟಿತ್ತು, ಯಾಕೆ ಯಾರಿಗೂ ಗೊತ್ತಾಗಲಿಲ್ಲ

200 ಆಂಪಿಯರಿನ ಮೇನ್ ಎಂಸಿಸಿಬಿಗೆ (ದೊಡ್ಡ ಬ್ರೇಕರಿಗೆ) 230 ವೋಲ್ಟಿನ ಶಂಟ್ ಟ್ರಿಪ್ ಕಾಯಿಲ್. ಅದಕ್ಕೆ ಎರಡು ಬಟನ್‌ಗಳ ಎನ್‌ಒ (ಒತ್ತಿದಾಗ ಮಾತ್ರ ಕೂಡುವ) ಕಾಂಟ್ಯಾಕ್ಟುಗಳು ಪ್ಯಾರಲಲ್ಲಾಗಿ. ಬಟನ್ ಒತ್ತಿದರೆ ಕಾಂಟ್ಯಾಕ್ಟ್ ಕೂಡುತ್ತದೆ, ಕಾಯಿಲ್‌ಗೆ ಕರೆಂಟ್ ಹೋಗುತ್ತದೆ, ಬ್ರೇಕರ್ ಬೀಳುತ್ತದೆ. ಕಾಗದದ ಮೇಲೆ ಸರಿ. ಆದರೆ ಈ ಸರ್ಕೀಟಿನಲ್ಲಿ ವರ್ಷವಿಡೀ ಕರೆಂಟ್ ಹರಿಯುವುದಿಲ್ಲ. ತಂತಿ ತುಂಡಾದರೂ, ಇಲಿ ಕಡಿದರೂ, ಸ್ಕ್ರೂ ಸಡಿಲಾದರೂ, ಕಾಯಿಲ್ ಸುಟ್ಟುಹೋದರೂ ಹೊರಗಿನಿಂದ ಏನೂ ಬದಲಾಗುವುದಿಲ್ಲ. ಕೆಟ್ಟಿದೆ ಎಂದು ಗೊತ್ತಾಗುವುದು ಯಾರದೋ ಕೈ ಕ್ರಷರಿನಲ್ಲಿ ಸಿಕ್ಕಾಗ.

ಬಟನ್ ಬಾಕ್ಸ್ ಬಿಚ್ಚಿದಾಗ ಕಂಡದ್ದು: ತಗಡಿನ ಬಾಕ್ಸಿನ ತಳ ತುಕ್ಕು ಹಿಡಿದು ಉದುರಿತ್ತು. ಕಾಂಟ್ಯಾಕ್ಟ್ ತುದಿಯಲ್ಲಿ ಹಸಿರು ಕಿಲುಬು, ಮಲ್ಟಿಮೀಟರ್ ಇಟ್ಟು ಒತ್ತಿದರೆ ಒಮ್ಮೆ 40 ಓಮ್, ಒಮ್ಮೆ ಓಪನ್. ಕೇಬಲ್ ಮೇಲಿನಿಂದ ಒಳಗೆ ಬಂದಿತ್ತು. ಅಂದರೆ ತಂತಿಯ ಗುಂಟ ಇಳಿದ ನೀರು ನೇರ ಟರ್ಮಿನಲ್ಲಿಗೆ. ಆ ನೀರಿನಲ್ಲಿ 230 ವೋಲ್ಟ್. ಒದ್ದೆ ಕೈಗವಸು ಹಾಕಿಕೊಂಡು ಒತ್ತುವ ಜಾಗದಲ್ಲಿ!

ಇದಕ್ಕೆ ತಿರುವುಮುರುವಾದದ್ದೇ ಫೇಲ್-ಸೇಫ್ ಕ್ರಮ, ಅಂದರೆ ಸರ್ಕೀಟ್ ಕೆಟ್ಟರೆ ಯಂತ್ರ ನಿಲ್ಲುವ ಕಡೆಗೇ ಕೆಡಬೇಕು. ಎನ್‌ಸಿ (ಸದಾ ಕೂಡಿದ್ದು ಒತ್ತಿದಾಗ ಬಿಡುವ) ಕಾಂಟ್ಯಾಕ್ಟುಗಳು ಸೀರೀಸಿನಲ್ಲಿ, ಅವುಗಳ ಮೂಲಕ ಸದಾ ಕರೆಂಟ್ ಹರಿಯುತ್ತಿರಬೇಕು, ಆ ಕರೆಂಟೇ ಕಾಂಟ್ಯಾಕ್ಟರನ್ನು (ಕಾಯಿಲಿನ ಬಲದಿಂದ ಮೋಟರ್ ಲೈನು ಕೂಡಿಸುವ ಸ್ವಿಚ್ಚನ್ನು) ಹಿಡಿದಿರಬೇಕು. ತಂತಿ ಕಡಿದರೆ ಯಂತ್ರ ನಿಲ್ಲುತ್ತದೆ. ನಿಂತರೆ ಜನ ಬಯ್ಯುತ್ತಾರೆ, ವೈರ್‌ಮನ್‌ನನ್ನು ಕರೆಸುತ್ತಾರೆ, ದೋಷ ಅವತ್ತೇ ಸಿಗುತ್ತದೆ.

ಯಾವುದು ನಿಲ್ಲಬೇಕು, ಯಾವುದು ನಿಲ್ಲಬಾರದು

ಸರ್ಕೀಟ್ ಬರೆಯುವ ಮೊದಲು ಲೋಡ್ ಪಟ್ಟಿ ಹಿಡಿದು ಕಟ್ಟಡ ಸುತ್ತಬೇಕು. ಅರ್ಧ ದಿನ ಹೋದರೂ ಬಿಡಬಾರದು.

ಮೊದಲ ವಲಯ ಪುಡಿ ಮಾಡುವ ಅಂಗಳ. 7.5 ಎಚ್‌ಪಿಯ ಎರಡು ಕ್ರಷರ್, 2 ಎಚ್‌ಪಿ ಕನ್ವೇಯರ್, ಐಸ್ ಡಬ್ಬಿ ಎತ್ತುವ 3 ಎಚ್‌ಪಿ ಹಾಯ್ಸ್ಟ್. 415 ವೋಲ್ಟಿನಲ್ಲಿ ಒಟ್ಟು ಸುಮಾರು 30 ಆಂಪಿಯರ್. ಎರಡನೇ ವಲಯ ಮಶಿನ್ ರೂಮ್, ಅಲ್ಲಿ 50 ಎಚ್‌ಪಿಯ ಅಮೋನಿಯ ಕಂಪ್ರೆಸರ್.

ನಿಲ್ಲಬಾರದವು: ಎರಡೂ ಕಡೆಯ ಲೈಟು, ಅಮೋನಿಯ ಡಿಟೆಕ್ಟರ್, ಅಲಾರಂ, ಮಶಿನ್ ರೂಮಿನ ಎಕ್ಸಾಸ್ಟ್ ಫ್ಯಾನು. ಅಮೋನಿಯ ಗಾಳಿಯಲ್ಲಿ ಸುಮಾರು 15ರಿಂದ 28 ಶೇಕಡಾ ಸೇರಿದರೆ ಕಿಡಿಗೆ ಹೊತ್ತಿಕೊಳ್ಳುತ್ತದೆ. ಅದಕ್ಕೂ ಬಹಳ ಮೊದಲೇ ಉಸಿರು ಕಟ್ಟಿಸುತ್ತದೆ. ಸೋರಿಕೆ ಎಂದು ಬಟನ್ ಒತ್ತಿದವನು ಫ್ಯಾನನ್ನೂ ನಿಲ್ಲಿಸಿಬಿಟ್ಟರೆ ಗ್ಯಾಸು ಒಳಗೇ ತುಂಬುತ್ತದೆ. ಅದಕ್ಕೇ ಫ್ಯಾನು ಮತ್ತು ಡಿಟೆಕ್ಟರಿಗೆ ವಲಯದ ಬ್ರೇಕರುಗಳಿಗಿಂತ ಮೊದಲೇ ಬೇರೆ ಎಂಸಿಬಿ (ಸಣ್ಣ ಬ್ರೇಕರ್). ಫ್ಯಾನಿನ ಸ್ಟಾರ್ಟರ್ ರೂಮಿನ ಹೊರಗೆ, ಬಾಗಿಲ ಪಕ್ಕ. ಕಂಡೆನ್ಸರ್ ನೀರಿನ ಪಂಪನ್ನೂ ನಿಲ್ಲಿಸಿಲ್ಲ, ಅದು ಓಡುತ್ತಿದ್ದರೆ ಒತ್ತಡ ಇಳಿಯುತ್ತದೆ, ಕೆಡುಕೇನೂ ಇಲ್ಲ.

ಸುತ್ತುವಾಗ ಸಿಕ್ಕಿದ ಎರಡು ವಿಷಯ ಡ್ರಾಯಿಂಗಿನಲ್ಲಿ ಇರಲೇ ಇಲ್ಲ. ಅಂಗಳದಲ್ಲಿ ತೂಕದ ಯಂತ್ರಕ್ಕೆ ಇದ್ದ ಸಾಕೆಟ್ ಆಫೀಸಿನ ಇನ್ವರ್ಟರಿನಿಂದ ಬಂದಿತ್ತು. ಅಂದರೆ ಮೇನ್ ಬಿದ್ದ ಮೇಲೂ ಅಂಗಳದ ಒದ್ದೆ ಗೋಡೆಯಲ್ಲಿ 230 ವೋಲ್ಟ್ ಜೀವಂತ. ಇನ್ನೊಂದು, ಕನ್ವೇಯರಿಗೆ ಸ್ಟಾರ್ಟರೇ ಇರಲಿಲ್ಲ, ಬರೀ ಮೇನ್ ಸ್ವಿಚ್. ಕರೆಂಟ್ ಹೋಗಿ ಬಂದರೆ ತಾನೇ ಹೊರಡುತ್ತಿತ್ತು. ತುರ್ತು ನಿಲುಗಡೆಯ ಸರ್ಕೀಟ್ ಎಷ್ಟೇ ಚೆನ್ನಾಗಿದ್ದರೂ ಅದರ ಕೆಳಗಿನ ಮೋಟರ್ ರಿಸೆಟ್ ಮಾಡಿದ ಕೂಡಲೇ ತಿರುಗಿದರೆ ಎಲ್ಲ ವ್ಯರ್ಥ. ಕನ್ವೇಯರಿಗೆ ಡಿಒಎಲ್ ಸ್ಟಾರ್ಟರ್ (ಕರೆಂಟ್ ಬಂದರೂ ಬಟನ್ ಒತ್ತದೆ ಹೊರಡದಂಥದ್ದು) ಹಾಕಿದ್ದಾಯಿತು, ಇನ್ವರ್ಟರ್ ಲೈನು ವಲಯದ ಕಾಂಟ್ಯಾಕ್ಟರ್ ಮೂಲಕ ಬಂತು.

ಜನರೇಟರ್ ಚೇಂಜ್‌ಓವರ್ ಈ ಬ್ರೇಕರುಗಳಿಗಿಂತ ಮೇಲೆ ಇದೆ, ಹಾಗಾಗಿ ಎರಡೂ ಮೂಲ ಒಂದೇ ಕಡೆ ಕಡಿಯುತ್ತವೆ. ಚಾವಣಿಯಲ್ಲಿ ಸೋಲಾರ್ ಇರುವ ಕಟ್ಟಡವಾದರೆ ಇನ್ವರ್ಟರಿನ ಎಸಿ ಲೈನು ಎಲ್ಲಿ ಸೇರುತ್ತದೆ ಎಂದು ಹುಡುಕಲೇಬೇಕು. ಗ್ರಿಡ್ ಹೋದರೆ ಆನ್-ಗ್ರಿಡ್ ಇನ್ವರ್ಟರ್ ನಿಲ್ಲುತ್ತದೆ ನಿಜ, ಆದರೆ ಹಗಲಿನಲ್ಲಿ ಪ್ಯಾನೆಲಿನಿಂದ ಇಳಿಯುವ ಡಿಸಿ ತಂತಿಗಳು ಯಾವ ಬಟನ್ ಒತ್ತಿದರೂ ಸಾಯುವುದಿಲ್ಲ.

ಸಾಮಾನು

24 ವೋಲ್ಟ್ ಡಿಸಿ, 5 ಆಂಪಿಯರ್ ಎಸ್‌ಎಂಪಿಎಸ್ (ಎಸಿಯನ್ನು ಡಿಸಿ ಮಾಡಿ ಕೊಡುವ ಪವರ್ ಸಪ್ಲೈ) ಒಂದು, ಅದರ ಜೊತೆ ಕೆಪ್ಯಾಸಿಟರ್ ಬಫರ್ ಮಾಡ್ಯೂಲ್ ಒಂದು. ಎರಡು ಚಾನೆಲ್, ಮಾನಿಟರ್ ಮಾಡಿದ ರಿಸೆಟ್ (ಒತ್ತಿ ಬಿಟ್ಟರಷ್ಟೇ ಒಪ್ಪುವಂಥದ್ದು), ಮೂರು ಎನ್‌ಒ ಔಟ್‌ಪುಟ್ ಇರುವ ಸೇಫ್ಟಿ ರಿಲೇ ಎರಡು, ವಲಯಕ್ಕೊಂದು; ಬಟನ್‌ಗಳನ್ನು ಎರಡು ಬೇರೆ ತಂತಿದಾರಿಯಲ್ಲಿ (ಚಾನೆಲ್) ಗಮನಿಸಿ ಕಾಂಟ್ಯಾಕ್ಟರ್ ಬಿಡಿಸುವುದು ಇದೇ. ಎಸಿ-3 (ಮೋಟರ್ ಲೋಡಿನ) ವರ್ಗದಲ್ಲಿ 65 ಆಂಪಿಯರಿನ, 24 ವೋಲ್ಟ್ ಡಿಸಿ ಕಾಯಿಲಿನ ಕಾಂಟ್ಯಾಕ್ಟರ್ ಎರಡು (ಕೆ1, ಕೆ2). ಇನ್ವರ್ಟರ್ ಲೈನಿಗೆ 9 ಆಂಪಿಯರಿನದೊಂದು (ಕೆ3). ಕಂಪ್ರೆಸರಿನ 125 ಆಂಪಿಯರ್ ಎಂಸಿಸಿಬಿಗೆ 24 ವೋಲ್ಟ್ ಡಿಸಿ ಅಂಡರ್‌ವೋಲ್ಟೇಜ್ ರಿಲೀಸ್ (ವೋಲ್ಟೇಜ್ ಹೋದರೆ ಬ್ರೇಕರ್ ಬೀಳಿಸುವ ಕಾಯಿಲ್) ಮತ್ತು ಆಕ್ಸಿಲರಿ ಕಾಂಟ್ಯಾಕ್ಟ್. 40 ಮಿ.ಮೀ. ಅಣಬೆ ತಲೆಯ ಕೆಂಪು ಬಟನ್ ಆರು. 1.5 ಚದರ ಮಿ.ಮೀ. ತವರ ಲೇಪಿಸಿದ ತಾಮ್ರದ 4 ಕೋರ್ ಕೇಬಲ್. ಫೆರುಲ್ (ತಂತಿಯ ತುದಿಗೆ ಒತ್ತುವ ಲೋಹದ ಕೊಳವೆ), 2 ಆಂಪಿಯರ್ ಫಾಸ್ಟ್ ಫ್ಯೂಸ್, ಕೇಬಲ್ ಬಾಕ್ಸಿನೊಳಗೆ ಹೋಗುವಲ್ಲಿ ಬಿಗಿಯುವ ನೈಲಾನ್ ಗ್ಲ್ಯಾಂಡ್.

30 ಆಂಪಿಯರ್ ಲೋಡಿಗೆ 65 ಆಂಪಿಯರ್ ಕಾಂಟ್ಯಾಕ್ಟರ್ ಯಾಕೆ ಎಂದು ಸ್ಟೋರಿನವರು ಕೇಳುತ್ತಾರೆ. ತುರ್ತು ಬಟನ್ ಒತ್ತುವುದು ಹೆಚ್ಚಾಗಿ ಕ್ರಷರ್ ಜಾಮ್ ಆದಾಗಲೇ. ಆಗ ಮೋಟರ್ 11 ಆಂಪಿಯರ್ ಎಳೆಯುವುದಿಲ್ಲ, ಆರೇಳು ಪಟ್ಟು ಎಳೆಯುತ್ತದೆ. ಎರಡೂ ಕ್ರಷರ್ ಒಟ್ಟಿಗೆ ಸಿಕ್ಕಿಕೊಂಡರೆ 150 ಆಂಪಿಯರ್ ಹತ್ತಿರ ಹೋಗುತ್ತದೆ. ಎಸಿ-3 ಕಾಂಟ್ಯಾಕ್ಟರ್ ತನ್ನ ರೇಟಿಂಗಿನ ಎಂಟು ಪಟ್ಟು ಕಡಿಯಬಲ್ಲದು ಎಂಬುದು ಮಾನದಂಡದ ಮಾತು. ಆದರೆ ಕಡಿದ ಮೇಲೆ ಕಾಂಟ್ಯಾಕ್ಟ್ ಬೆಸೆದುಕೊಳ್ಳದೆ ಇರಬೇಕು, ವರ್ಷಗಟ್ಟಲೆ. ಇಲ್ಲಿ ಹಣ ಉಳಿಸಬಾರದು.

ಬಟನ್ ಕೊಳ್ಳುವಾಗ ಐಇಸಿ 60947-5-5 (ತುರ್ತು ಬಟನ್‌ಗಳ ಮಾನದಂಡ) ಎಂದು ಬರೆದಿರಬೇಕು, ಎನ್‌ಸಿ ಕಾಂಟ್ಯಾಕ್ಟಿನ ಮೇಲೆ ವೃತ್ತದೊಳಗೆ ಬಾಣದ ಗುರುತು ಇರಬೇಕು. ಆ ಗುರುತಿನ ಅರ್ಥ: ಸ್ಪ್ರಿಂಗ್ ಮುರಿದಿದ್ದರೂ, ಕಾಂಟ್ಯಾಕ್ಟ್ ಸ್ವಲ್ಪ ಬೆಸೆದಿದ್ದರೂ ಒತ್ತುವ ಕೈಯ ಬಲವೇ ಅದನ್ನು ಬಿಡಿಸುತ್ತದೆ. ಒತ್ತಿದ ಮೇಲೆ ತಾನೇ ಸಿಕ್ಕಿಕೊಂಡು ನಿಲ್ಲಬೇಕು, ತಿರುಗಿಸಿದರೆ ಮಾತ್ರ ಹೊರಬರಬೇಕು. ಪೇಟೆಯಲ್ಲಿ ಸಿಗುವ ಸಾದಾ ಕೆಂಪು ಪುಶ್ ಬಟನ್ನಿಗೆ ಅಣಬೆ ತಲೆ ಹಾಕಿದ ಮಾತ್ರಕ್ಕೆ ಅದು ತುರ್ತು ಬಟನ್ ಆಗುವುದಿಲ್ಲ.

ಇನ್ನೊಂದು ಸಣ್ಣ ಸಂಗತಿ, ಬಹಳ ಜನ ಗಮನಿಸದ್ದು. ತಲೆಗೆ ಹಿಂದಿನಿಂದ ಕ್ಲಿಪ್ ಆಗುವ ಕಾಂಟ್ಯಾಕ್ಟ್ ಬ್ಲಾಕ್ ಕಳಚಿ ಬಿದ್ದರೆ ಏನಾಗುತ್ತದೆ? ಎನ್‌ಸಿ ಕಾಂಟ್ಯಾಕ್ಟ್ ಮುಚ್ಚಿಯೇ ಇರುತ್ತದೆ. ಯಂತ್ರ ಓಡುತ್ತದೆ, ಬಟನ್ ಒತ್ತಿದರೆ ತಲೆ ಒಳಗೆ ಹೋಗುತ್ತದೆ, ಹಿಂದೆ ತಳ್ಳುವುದಕ್ಕೆ ಏನೂ ಇಲ್ಲ. ಎನ್‌ಸಿ ಹಾಕಿದ್ದರೂ ಇಲ್ಲಿ ಫೇಲ್-ಸೇಫ್ ಇಲ್ಲ! ಅದಕ್ಕೇ ಬ್ಲಾಕ್ ಕಳಚಿದರೆ ತಾನೇ ಸರ್ಕೀಟ್ ಬಿಡಿಸುವ, ಸ್ವಯಂ ನಿಗಾ ಇರುವ ಬ್ಲಾಕುಗಳನ್ನೇ ತಂದದ್ದು.

ಸರ್ಕೀಟ್

24 ವೋಲ್ಟಿನ ಮೈನಸ್ ತುದಿಯನ್ನು ಪ್ಯಾನೆಲಿನಲ್ಲಿ ಒಂದೇ ಕಡೆ ಅರ್ಥ್ ಮಾಡಿದೆ. ಕಾಯಿಲುಗಳ ಒಂದು ತುದಿ ನೇರ ಮೈನಸ್ಸಿಗೆ, ನಡುವೆ ಯಾವ ಸ್ವಿಚ್ಚೂ ಇಲ್ಲ. ಕಡಿಯುವುದೆಲ್ಲ ಪ್ಲಸ್ ಕಡೆ. ಕಾರಣ ಇಷ್ಟೆ: ಪ್ಲಸ್ ತಂತಿ ಎಲ್ಲಾದರೂ ಸುಲಿದು ಕಬ್ಬಿಣಕ್ಕೆ ತಾಗಿದರೆ ಫ್ಯೂಸ್ ಹೋಗುತ್ತದೆ, ಕಾಯಿಲ್ ಬಿಡುತ್ತದೆ, ಯಂತ್ರ ನಿಲ್ಲುತ್ತದೆ. ಅರ್ಥ್ ಮಾಡದೆ ತೇಲಲು ಬಿಟ್ಟರೆ ಮೊದಲ ತಾಗು ಗೊತ್ತೇ ಆಗುವುದಿಲ್ಲ, ಬೇರೆ ಕಡೆ ಎರಡನೆಯದು ಆದಾಗ ಬಟನ್‌ಗಳನ್ನು ದಾಟಿ ಕಾಯಿಲ್‌ಗೆ ಕರೆಂಟ್ ಸಿಗುವ ದಾರಿ ಹುಟ್ಟುತ್ತದೆ.

ಎಂಸಿಬಿ ಬದಲು ಫ್ಯೂಸ್ ಹಾಕಿದ್ದಕ್ಕೂ ಕಾರಣವಿದೆ. 5 ಆಂಪಿಯರಿನ ಎಸ್‌ಎಂಪಿಎಸ್ ಶಾರ್ಟ್ ಆದರೂ ಆರೇಳು ಆಂಪಿಯರಿಗಿಂತ ಹೆಚ್ಚು ಕೊಡುವುದಿಲ್ಲ, 4 ಆಂಪಿಯರಿನ ಸಿ-ಕರ್ವ್ ಎಂಸಿಬಿ ಅಷ್ಟಕ್ಕೆ ಬೇಗ ಬೀಳುವುದಿಲ್ಲ. 2 ಆಂಪಿಯರಿನ ಫಾಸ್ಟ್ ಫ್ಯೂಸ್ ಹೋಗುತ್ತದೆ. ಬಟನ್ ಲೂಪಿಗೊಂದು, ಪ್ರತಿ ಸೇಫ್ಟಿ ಔಟ್‌ಪುಟ್ಟಿಗೊಂದು ಫ್ಯೂಸ್.

ಮೊದಲ ವಲಯದಲ್ಲಿ ನಾಲ್ಕು ಬಟನ್. ಪ್ರತಿಯೊಂದರಲ್ಲೂ ಎರಡು ಎನ್‌ಸಿ. ಒಂದು ಒಂದನೇ ಚಾನೆಲಿನ ಸರಪಳಿಗೆ, ಇನ್ನೊಂದು ಎರಡನೆಯದಕ್ಕೆ. ಒಂದನೇ ಚಾನೆಲ್ ಪ್ಲಸ್ ಕಡೆ, ಎರಡನೆಯದು ಮೈನಸ್ ಕಡೆ ಇರುವ ಜಾತಿಯ ರಿಲೇ. ಒಂದೇ ಕೇಬಲಿನೊಳಗೆ ಎರಡೂ ಓಡುವುದರಿಂದ ಕೇಬಲ್ ಜಜ್ಜಿ ಎರಡು ಚಾನೆಲ್ ಒಂದಕ್ಕೊಂದು ತಾಗಿದರೆ ಪ್ಲಸ್-ಮೈನಸ್ ಶಾರ್ಟ್ ಆಗಿ ರಿಲೇ ಬೀಳುತ್ತದೆ. ಎರಡೂ ಪ್ಲಸ್ಸೇ ಆಗಿದ್ದರೆ ತಾಗಿದ್ದು ತಿಳಿಯುತ್ತಲೇ ಇರಲಿಲ್ಲ. ಎರಡನೇ ಚಾನೆಲ್ ಅರ್ಥಿಗೆ ತಾಗಿದರೆ ಮಾತ್ರ ತಕ್ಷಣ ಬೀಳುವುದಿಲ್ಲ. ಮುಂದಿನ ಸಲ ಬಟನ್ ಒತ್ತಿದಾಗ ಒಂದನೇ ಚಾನೆಲ್ ಯಂತ್ರ ನಿಲ್ಲಿಸುತ್ತದೆ, ಎರಡನೆಯದು ತೆರೆಯದ್ದನ್ನು ಕಂಡು ರಿಲೇ ರಿಸೆಟ್ ಆಗಲು ಒಪ್ಪುವುದಿಲ್ಲ. ತಿಂಗಳಿಗೊಮ್ಮೆ ಪ್ರತಿ ಬಟನ್ ಒತ್ತಿ ನೋಡಬೇಕು ಎನ್ನುವುದು ಈ ಕಾರಣಕ್ಕೆ.

ರಿಲೇಯ 13-14 ನಂಬರಿನ ಕಾಂಟ್ಯಾಕ್ಟ್ ಕೆ1ಕ್ಕೆ, 23-24 ಕೆ2ಕ್ಕೆ, 33-34 ಕೆ3ಕ್ಕೆ. ಕೆ1 ಮತ್ತು ಕೆ2ರ ಪವರ್ ಕಾಂಟ್ಯಾಕ್ಟುಗಳು ಸೀರೀಸಿನಲ್ಲಿ, 63 ಆಂಪಿಯರ್ ಎಂಸಿಸಿಬಿಯ ನಂತರ. ಒಂದು ಬೆಸೆದುಕೊಂಡರೂ ಇನ್ನೊಂದು ಕಡಿಯುತ್ತದೆ. ಆದರೆ ಒಂದು ಬೆಸೆದದ್ದು ತಿಳಿಯದಿದ್ದರೆ ಎರಡು ಹಾಕಿಯೂ ಒಂದೇ ಉಳಿದ ಹಾಗೆ. ಅದಕ್ಕೆ ಮೂರೂ ಕಾಂಟ್ಯಾಕ್ಟರುಗಳ ಮಿರರ್ ಎನ್‌ಸಿಗಳನ್ನು ಸೀರೀಸಾಗಿ ಕಟ್ಟಿ ರಿಸೆಟ್ ಬಟನಿನ ದಾರಿಯಲ್ಲಿ ಕೂರಿಸಿದೆ. ಮಿರರ್ ಕಾಂಟ್ಯಾಕ್ಟ್ ಎಂದರೆ ಮೂರು ಪೋಲಿನಲ್ಲಿ ಒಂದು ಅಂಟಿಕೊಂಡಿದ್ದರೂ ಮುಚ್ಚಲಾರದ ಎನ್‌ಸಿ. ಪಕ್ಕಕ್ಕೆ ಸಿಕ್ಕಿಸುವ ಎಲ್ಲ ಆಕ್ಸಿಲರಿ ಬ್ಲಾಕಿಗೂ ಈ ಗುಣ ಇರುವುದಿಲ್ಲ, ಕ್ಯಾಟಲಾಗಿನಲ್ಲಿ ನೋಡಿಯೇ ತರಬೇಕು.

ಕರೆಂಟ್ ಕಡಿದಾಗ ಕಾಯಿಲಿನಲ್ಲಿ ಏಳುವ ವೋಲ್ಟೇಜ್ ತಡೆಯಲು ಡಿಸಿ ಕಾಯಿಲಿಗೆ ಅಡ್ಡ ಡಯೋಡ್ ಹಾಕುವುದು ರೂಢಿ. ಹಾಕಿದರೆ ಕಾಯಿಲಿನ ಕರೆಂಟ್ ಡಯೋಡಿನಲ್ಲೇ ಸುತ್ತುತ್ತ ಕಾಂಟ್ಯಾಕ್ಟರ್ ಬಿಡುವುದು ಹಲವು ಪಟ್ಟು ತಡವಾಗುತ್ತದೆ, ನಿಧಾನ ಬಿಡುವುದರಿಂದ ಕಿಡಿಯೂ ಹೆಚ್ಚು. ಇಲ್ಲಿ ವೇರಿಸ್ಟರ್ (ವೋಲ್ಟೇಜ್ ಏರಿದಾಗ ಮಾತ್ರ ಕರೆಂಟ್ ಬಿಡುವ ಬಿಡಿಭಾಗ) ಇರುವ ಸಪ್ರೆಸರ್ ಹಾಕಿದೆ.

ಕಂಪ್ರೆಸರಿನ ಕಡೆ ಹೊಸ ದೊಡ್ಡ ಕಾಂಟ್ಯಾಕ್ಟರ್ ಬೇಕಾಗಲಿಲ್ಲ. ಎರಡನೇ ರಿಲೇಯ ಒಂದು ಔಟ್‌ಪುಟ್ ಸ್ಟಾರ್-ಡೆಲ್ಟಾ (ದೊಡ್ಡ ಮೋಟರನ್ನು ಎರಡು ಹಂತದಲ್ಲಿ ಹೊರಡಿಸುವ) ಸ್ಟಾರ್ಟರಿನ ಮೇನ್ ಕಾಂಟ್ಯಾಕ್ಟರ್ ಕಾಯಿಲಿನ ಸರ್ಕೀಟಿನಲ್ಲಿ, ಇನ್ನೊಂದು ಎಂಸಿಸಿಬಿಯ ಅಂಡರ್‌ವೋಲ್ಟೇಜ್ ರಿಲೀಸಿಗೆ. ಎರಡು ಬೇರೆ ಬೇರೆ ಬಗೆಯ ಕಡಿತ, ಒಂದು ಕೆಟ್ಟರೆ ಇನ್ನೊಂದು. ಬ್ರೇಕರ್ ಎತ್ತುವ ಕ್ರಮವನ್ನು ಪ್ಯಾನೆಲ್ ಬಾಗಿಲಿಗೆ ಬರೆದು ಅಂಟಿಸಬೇಕಾಯಿತು: ಮೊದಲು ಕೆಂಪು ಬಟನ್ ತಿರುಗಿಸಿ ಬಿಡಿಸು, ನಂತರ ರಿಸೆಟ್, ಆಮೇಲೆ ಹ್ಯಾಂಡಲನ್ನು ಪೂರ್ತಿ ಕೆಳಗೆ ಒತ್ತಿ ಮೇಲೆತ್ತು. ರಿಲೀಸಿಗೆ 24 ವೋಲ್ಟ್ ಸಿಗುವ ಮೊದಲು ಹ್ಯಾಂಡಲ್ ನಿಲ್ಲುವುದೇ ಇಲ್ಲ. ಗೊತ್ತಿಲ್ಲದವರು ಬ್ರೇಕರ್ ಕೆಟ್ಟಿದೆ ಎಂದು ರಾತ್ರಿ ಹನ್ನೊಂದಕ್ಕೆ ಫೋನ್ ಮಾಡುತ್ತಾರೆ.

ಬಟನ್ ಎಲ್ಲಿ, ಕೇಬಲ್ ಹೇಗೆ

ತುರ್ತು ನಿಲುಗಡೆಯ ಮಾನದಂಡ ಐಎಸ್‌ಒ 13850 ಹೇಳುವ ಎತ್ತರ ನೆಲದಿಂದ 0.6ರಿಂದ 1.7 ಮೀಟರ್. ಇಲ್ಲಿ ಎಲ್ಲವೂ 1.1 ಮೀಟರಿನಲ್ಲಿ: ಒಂದೊಂದು ಕ್ರಷರಿನ ಬಾಯಿಯ ಎದುರು, ಕನ್ವೇಯರ್ ತುದಿಯಲ್ಲಿ ಲಾರಿಗೆ ಐಸ್ ತುಂಬುವಲ್ಲಿ, ಹೊರಬಾಗಿಲ ಹತ್ತಿರ. ಮಶಿನ್ ರೂಮಿಗೆ ಒಳಗೊಂದು, ಬಾಗಿಲ ಹೊರಗೊಂದು. ಹಳದಿ ಹಿನ್ನೆಲೆ, ಕೆಂಪು ತಲೆ. ಮೀನಿನ ಬುಟ್ಟಿ ತಾಗಿ ಒತ್ತಿಹೋಗದಂತೆ ಸುತ್ತ ಉಂಗುರವಿದೆ, ಆದರೆ ಮುಚ್ಚಳ, ಗಾಜು, ಬೀಗ ಯಾವುದೂ ಇಲ್ಲ.

ರಿಸೆಟ್ ಬಟನ್ ನೀಲಿ, ಇಡೀ ಅಂಗಳ ಕಣ್ಣಿಗೆ ಬೀಳುವ ಕಂಬದ ಮೇಲೆ, ಕ್ರಷರಿನ ಬಾಯಿಗೆ ಕೈ ಎಟುಕದಷ್ಟು ದೂರ. ಅದನ್ನು ಒತ್ತಿದರೆ ಕಾಂಟ್ಯಾಕ್ಟರ್ ಮಾತ್ರ ಎಳೆಯುತ್ತದೆ. ಮೋಟರ್ ಹೊರಡಲು ಅದರದೇ ಸ್ಟಾರ್ಟ್ ಬಟನ್ ಒತ್ತಬೇಕು.

ಐಸಿನ ಜಾಗದಲ್ಲಿ ಬಾಕ್ಸಿಗೆ ಒಂದು ವಿಚಿತ್ರ ಕಾಟ. ತಣ್ಣಗಿನ ಬಾಕ್ಸ್, ಹೊರಗೆ ಕಡಲ ಹಸಿ ಗಾಳಿ. ಐಪಿ66 (ದೂಳು, ನೀರು ಒಳಹೋಗದ ದರ್ಜೆ) ಎಂದು ಪೂರ್ತಿ ಬಿಗಿದರೆ ಒಳಗಿನ ಗಾಳಿ ತಣಿದು ಕುಗ್ಗಿದಾಗ ಗ್ಲ್ಯಾಂಡಿನ ಸಂದಿಯಿಂದ ಹಸಿಯನ್ನು ಹೀರಿಕೊಳ್ಳುತ್ತದೆ, ಒಳಗೇ ಹನಿ ಕಟ್ಟುತ್ತದೆ. ಪಾಲಿಕಾರ್ಬೊನೇಟ್ ಬಾಕ್ಸಿನ ತಳಕ್ಕೆ ಗಾಳಿಯಾಡಲು ಬಿಡುವ ಬ್ರೀದರ್ ಪ್ಲಗ್ ಹಾಕಿದ ಮೇಲೆ ಹನಿ ನಿಂತಿತು. ಕೇಬಲ್ ಕೆಳಗಿನಿಂದಲೇ ಒಳಗೆ, ಬರುವ ಮೊದಲು ಒಂದು ಇಳಿಬಳುಕು, ನೀರು ಅಲ್ಲೇ ತೊಟ್ಟಿಕ್ಕಿ ಬೀಳಲಿ. ಸ್ಕ್ರೂಗಳು 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲು. 304ನದು ಉಪ್ಪುಗಾಳಿಯಲ್ಲಿ ಚಹಾ ಬಣ್ಣದ ಕಲೆ ಬಿಡುತ್ತದೆ.

ನೀರಿನ ಬಗ್ಗೆ ಇಷ್ಟು ಕಾಳಜಿ ಯಾಕೆಂದರೆ ಎನ್‌ಸಿ ಸರ್ಕೀಟಿಗೆ ತಂತಿ ಕಡಿಯುವುದು ಅಪಾಯವಲ್ಲ, ತೆರೆದ ಕಾಂಟ್ಯಾಕ್ಟನ್ನು ಏನಾದರೂ ಸೇತುವೆ ಕಟ್ಟಿ ಕೂಡಿಸುವುದು ಅಪಾಯ. ಉಪ್ಪುನೀರು ಆ ಕೆಲಸ ಮಾಡಬಲ್ಲದು. ಟರ್ಮಿನಲುಗಳ ನಡುವೆ ಒಂದೊಂದು ಖಾಲಿ ಬಿಟ್ಟು ಚಾನೆಲುಗಳನ್ನು ದೂರ ಇಟ್ಟದ್ದು ಅದಕ್ಕೇ. ಎಲ್ಲೂ ತಿರುಚಿ ಟೇಪ್ ಸುತ್ತಿದ ಜಾಯಿಂಟ್ ಇಲ್ಲ. ತಂತಿ 8 ಮಿ.ಮೀ. ಸುಲಿದು ಫೆರುಲ್ ಒತ್ತಿ ಟರ್ಮಿನಲಿಗೆ. ಪ್ಯಾನೆಲಿನಿಂದ ಕೊನೆಯ ಬಟನ್‌ಗೆ 45 ಮೀಟರ್. ಹೋಗಿ ಬರುವ 90 ಮೀಟರಿಗೆ ತಂತಿಯದೇ ರೆಸಿಸ್ಟೆನ್ಸ್ ಸುಮಾರು 1.1 ಓಮ್, ಕಾಂಟ್ಯಾಕ್ಟು ಸೇರಿ ಅಳೆದಾಗ 1.9 ಓಮ್. ಈ ಅಂಕಿಯನ್ನು ಪ್ಯಾನೆಲ್ ಬಾಗಿಲ ಒಳಗೆ ಬರೆದಿಟ್ಟಿದೆ. ಮುಂದೊಂದು ದಿನ 6 ಓಮ್ ತೋರಿಸಿದರೆ ಎಲ್ಲೋ ಕಿಲುಬು ಹತ್ತುತ್ತಿದೆ ಎಂದೇ ತಿಳಿಯಬೇಕು.

ಕರೆಂಟ್ ಮಿಟುಕಿದಾಗ

ಮಳೆಗಾಲದಲ್ಲಿ ಕೊಂಬೆ ತಾಗಿ ಲೈನು ಅರೆಕ್ಷಣ ಮಿಟುಕುವುದು ಘಟ್ಟದ ಕೆಳಗೆ ದಿನದ ಮಾತು. ಸಾದಾ ಎಸ್‌ಎಂಪಿಎಸ್ 20 ಮಿಲಿಸೆಕೆಂಡಿನ ಆಚೆಗೆ ತಡೆಯುವುದಿಲ್ಲ. ಪ್ರತಿ ಮಿಟುಕಿಗೂ ಸೇಫ್ಟಿ ರಿಲೇ ಬಿದ್ದು, ಕಂಪ್ರೆಸರ್ ಬ್ರೇಕರ್ ಬಿದ್ದು, ದಿನಕ್ಕೆ ಐದು ಸಲ ಎತ್ತಬೇಕಾದರೆ ಒಂದು ವಾರದೊಳಗೆ ಯಾರಾದರೂ ರಿಲೀಸಿಗೆ ನೇರ ತಂತಿ ಕೊಡುತ್ತಾರೆ. ಎಷ್ಟೋ ತುರ್ತು ಸರ್ಕೀಟುಗಳು ಹಾಳಾಗಿರುವುದು ಬಿಡಿಭಾಗ ಕೆಟ್ಟಲ್ಲ, ಹೀಗೆ ಬೇಸತ್ತವರ ಜಂಪರಿನಿಂದ.

ಬಫರ್ ಮಾಡ್ಯೂಲ್ ಇಲ್ಲಿನ ಸುಮಾರು 2 ಆಂಪಿಯರ್ ಲೋಡನ್ನು ಎರಡು ಸೆಕೆಂಡಿನಷ್ಟು ಹಿಡಿಯುತ್ತದೆ. ಮಿಟುಕಿಗೆ ಅಷ್ಟು ಸಾಕು. ಬ್ಯಾಟರಿ ಹಾಕಿ ಗಂಟೆಗಟ್ಟಲೆ ಹಿಡಿಸುವ ಯೋಚನೆಯನ್ನು ಬೇಕೆಂದೇ ಬಿಟ್ಟದ್ದು: ನಿಜವಾಗಿ ಕರೆಂಟ್ ಹೋದಾಗ ಎಲ್ಲ ಬಿದ್ದು, ಮನುಷ್ಯ ಬಂದು ನೋಡಿ ರಿಸೆಟ್ ಮಾಡಲಿ. ಬಫರ್ ಇದ್ದರೂ ಬಟನ್ ಒತ್ತಿದಾಗ ಕಡಿಯುವುದಕ್ಕೆ ಏನೂ ತೊಡಕಿಲ್ಲ, ಬಟನ್ ಇರುವುದು ಬಫರಿನ ಈಚೆ.

ಎಸ್‌ಎಂಪಿಎಸ್ ಕೆಟ್ಟರೆ ಇಡೀ ಪ್ಲಾಂಟ್ ನಿಲ್ಲುತ್ತದೆ. ಇದು ಫೇಲ್-ಸೇಫ್‌ನ ಬೆಲೆ. ಎರಡು ಎಸ್‌ಎಂಪಿಎಸ್ ಜೋಡಿಸುವ ಬದಲು ಒಂದು ಹೊಸದನ್ನು ಸಿಲಿಕಾ ಜೆಲ್ ಜೊತೆ ಚೀಲದಲ್ಲಿ ಕಟ್ಟಿ ಪ್ಯಾನೆಲಿನೊಳಗೇ ಇಟ್ಟಿದೆ. ಐಸ್ ಕಟ್ಟುವ ಉಪ್ಪುನೀರಿನ ಟ್ಯಾಂಕು ಕೆಲವು ಗಂಟೆ ತಂಪು ಹಿಡಿದಿರುತ್ತದೆ, ಬದಲಿಸಲು ಅರ್ಧ ಗಂಟೆ ಸಾಕು.

ಪರೀಕ್ಷೆ

ಮೆಗ್ಗರ್ (ತಂತಿಯ ಇನ್ಸುಲೇಶನ್ ಅಳೆಯುವ ಮೀಟರ್) ಹಾಕುವ ಮೊದಲು ರಿಲೇ, ಎಸ್‌ಎಂಪಿಎಸ್, ಬಫರ್ ಮೂರನ್ನೂ ಬಿಡಿಸಬೇಕು. 500 ವೋಲ್ಟ್ ಅವುಗಳನ್ನು ತಿಂದುಬಿಡುತ್ತದೆ.

ಬಟನ್ ಒತ್ತಿ ನಿಂತಿತು ಎಂದರೆ ಪರೀಕ್ಷೆ ಮುಗಿಯಲಿಲ್ಲ. ಟರ್ಮಿನಲಿನಿಂದ ಒಂದೊಂದೇ ತಂತಿ ಎಳೆದು ನೋಡಿದ್ದು, ಪ್ರತಿ ಸಲವೂ ಬೀಳಬೇಕು. ಎರಡು ಚಾನೆಲುಗಳನ್ನು ತಂತಿಯಿಂದ ತಾಗಿಸಿದ್ದು. ರಿಸೆಟ್ ಬಟನ್ ಒತ್ತಿ ಹಿಡಿದುಕೊಂಡೇ ಕೆಂಪು ಬಟನ್ ಬಿಡಿಸಿದ್ದು: ರಿಲೇ ಏಳಬಾರದು, ಒತ್ತಿ ಬಿಟ್ಟರಷ್ಟೇ ಏಳಬೇಕು. ಮೋಟರ್ ಲೈನಿನ ಪವರ್ ಮಾತ್ರ ತೆಗೆದು ಕೆ1ರ ಆರ್ಮೇಚರನ್ನು ಸ್ಕ್ರೂಡ್ರೈವರಿನಿಂದ ಒತ್ತಿ ಹಿಡಿದು ರಿಸೆಟ್ ಮಾಡಿದ್ದು: ಒಪ್ಪಬಾರದು. ಕೆ2, ಕೆ3ಕ್ಕೂ ಹಾಗೆಯೇ. ಫ್ಯೂಸ್ ಒಂದೊಂದೇ ತೆಗೆದದ್ದು. ಮೇನ್ ತೆಗೆದು ಹಾಕಿದ್ದು, ಜನರೇಟರಿಗೆ ಬದಲಿಸಿದ್ದು: ಯಾವ ಮೋಟರೂ ತಾನಾಗಿ ತಿರುಗಬಾರದು.

ಇದರಲ್ಲಿ ಮೂರು ತಪ್ಪು ಸಿಕ್ಕವು. ಮೂರನೇ ಬಟನ್ನಿನ ಎರಡನೇ ಚಾನೆಲಿಗೆ ಜೋಡಣೆಯ ಹೊತ್ತಿನಲ್ಲಿ ಹಾಕಿದ್ದ ಲಿಂಕ್ ಹಾಗೇ ಉಳಿದಿತ್ತು. ಒತ್ತಿದರೆ ಯಂತ್ರ ನಿಲ್ಲುತ್ತಿತ್ತು, ರಿಸೆಟ್ ಆಗುತ್ತಿರಲಿಲ್ಲ. ಆಗ ಹೊರಬಾಗಿಲಿನ ಬಟನ್ ಒಮ್ಮೆ ಒತ್ತಿ ಬಿಡಿಸಿದರೆ ರಿಸೆಟ್ ಆಗಿಬಿಡುತ್ತಿತ್ತು! ಆ ಬಟನ್ ಎರಡೂ ಚಾನೆಲನ್ನು ಸರಿಯಾಗಿ ತೆರೆಯುವುದರಿಂದ ರಿಲೇಗೆ ಎಲ್ಲ ಸರಿಹೋಯಿತು ಎನಿಸುತ್ತದೆ, ಮೂರನೆಯದರ ದೋಷ ಮುಚ್ಚಿಹೋಗುತ್ತದೆ. ಒಂದೇ ಸರಪಳಿಯಲ್ಲಿ ಬಹಳ ಬಟನ್ ಪೋಣಿಸಬಾರದು ಎನ್ನುವುದು ಇದಕ್ಕೇ. ನಾಲ್ಕೇ ಇದ್ದರೂ ಈ ಉಪಾಯ ಯಾರಿಗೂ ಹೇಳಿಕೊಡಬಾರದು. ರಿಸೆಟ್ ಆಗದಿದ್ದರೆ ಕೊನೆಗೆ ಒತ್ತಿದ ಬಟನ್ನನ್ನೇ ಬಿಚ್ಚಿ ನೋಡಬೇಕು.

ಎರಡನೆಯದು, ಕ್ರಷರಿನ ಚೌಕಟ್ಟಿಗೇ ಬಿಗಿದಿದ್ದ ಬಟನ್. ಕ್ರಷರ್ ಅದುರಿದಾಗಲೆಲ್ಲ ರಿಲೇ ಕಾರಣವಿಲ್ಲದೆ ಬೀಳುತ್ತಿತ್ತು. ಕಾಂಟ್ಯಾಕ್ಟ್ ಬ್ಲಾಕ್ ಅದುರಿ ಕ್ಲಿಪ್ಪಿನಿಂದ ಅರ್ಧ ಜಾರಿತ್ತು, ಸ್ವಯಂ ನಿಗಾ ತನ್ನ ಕೆಲಸ ಮಾಡಿತ್ತು. ಪಕ್ಕದ ಕಾಂಕ್ರೀಟ್ ಕಂಬಕ್ಕೆ ಸರಿಸಿದ ಮೇಲೆ ನಿಂತಿತು. ಸಾದಾ ಬ್ಲಾಕ್ ಆಗಿದ್ದರೆ ರಿಲೇ ಬೀಳುತ್ತಿರಲಿಲ್ಲ, ಬಟನ್ ಸತ್ತದ್ದೂ ತಿಳಿಯುತ್ತಿರಲಿಲ್ಲ.

ಮೂರನೆಯದು ಹಾಯ್ಸ್ಟ್. ಡಬ್ಬಿ ಎತ್ತಿ ಹಿಡಿದು ಬಟನ್ ಒತ್ತಿದರೆ ಒಂದು ಗೇಣು ಜಾರಿ ನಿಂತಿತು. ಕರೆಂಟ್ ಹೋದಾಗ ಸ್ಪ್ರಿಂಗಿನಿಂದ ಹಿಡಿಯುವ ಬ್ರೇಕೇ ಅದು, ಆದರೆ ಲೈನಿಂಗ್ ಸವೆದು ಗ್ಯಾಪ್ ಹೆಚ್ಚಿತ್ತು. ಹೊಂದಿಸಿದ ಮೇಲೆ ಎರಡು ಬೆರಳಿನಷ್ಟಕ್ಕೆ ಇಳಿಯಿತು. ಎತ್ತುವ ಯಂತ್ರವಿರುವ ವಲಯದಲ್ಲಿ ಈ ಪರೀಕ್ಷೆ ಮಾಡದೆ ತುರ್ತು ಬಟನ್ ಚಾಲೂ ಮಾಡಬಾರದು.

ಕ್ರಷರ್ ನಿಲ್ಲುವ ಹೊತ್ತನ್ನೂ ಅಳೆಯಬೇಕು. ಐಸ್ ತುಂಬಿದ್ದಾಗ 3 ಸೆಕೆಂಡಿನೊಳಗೆ ನಿಲ್ಲುತ್ತದೆ. ಖಾಲಿಯಿದ್ದಾಗ ಫ್ಲೈವೀಲಿನ ಭಾರಕ್ಕೆ 14 ಸೆಕೆಂಡ್ ತಿರುಗುತ್ತದೆ. ಬಟನ್ ಕರೆಂಟ್ ಕಡಿಯುತ್ತದೆ, ಕಬ್ಬಿಣವನ್ನು ಹಿಡಿದು ನಿಲ್ಲಿಸುವುದಿಲ್ಲ. ಬಾಯಿಯ ಜಾಲರಿಯನ್ನು ಬಿಚ್ಚದೆ ಕೈ ಹೋಗದಷ್ಟು ಉದ್ದ ಮಾಡಿಸಿದ್ದು ಈ 14 ಸೆಕೆಂಡಿಗಾಗಿ. ಜಾಮ್ ಬಿಡಿಸಲು ಕೆಂಪು ಬಟನ್ ಒತ್ತಿ ಕೈ ಹಾಕುವ ಅಭ್ಯಾಸವೂ ಬೇಡ. ಕ್ರಷರಿನ ಪಕ್ಕ ಐಸೊಲೇಟರ್ ಇದೆ, ತೆಗೆದು ಬೀಗ ಹಾಕಿ ಕೀಲಿ ಜೇಬಿನಲ್ಲಿಟ್ಟುಕೊಂಡೇ ಜಾಲರಿ ಬಿಚ್ಚಬೇಕು. ಮೋಟರಿಗೆ ಕೆಪ್ಯಾಸಿಟರ್ ಕಟ್ಟಿದ್ದರಿಂದ ಕಡಿದ ಮೇಲೂ ಟರ್ಮಿನಲಿನಲ್ಲಿ ಸ್ವಲ್ಪ ಹೊತ್ತು ವೋಲ್ಟೇಜ್ ಉಳಿಯುತ್ತದೆ. ಡಿಸ್ಚಾರ್ಜ್ ರೆಸಿಸ್ಟರ್ ಸರಿಯಿದ್ದರೆ 3 ನಿಮಿಷದಲ್ಲಿ 75 ವೋಲ್ಟಿಗಿಂತ ಕೆಳಗೆ ಇಳಿಯಬೇಕು, ಟರ್ಮಿನಲ್ ಬಾಕ್ಸ್ ಬಿಚ್ಚುವವರು ಅಷ್ಟು ಕಾದು, ಮೀಟರ್ ಇಟ್ಟು ನೋಡಿಯೇ ಕೈ ಹಾಕಬೇಕು.

ಪ್ರತಿ ತಿಂಗಳ ಮೊದಲ ಸೋಮವಾರ, ಕ್ರಷರ್ ಖಾಲಿ ಓಡುವಾಗ, ಆರು ಬಟನ್‌ಗಳನ್ನು ಒಂದಾದ ಮೇಲೊಂದು: ಒತ್ತು, ನಿಂತದ್ದು ನೋಡು, ಬಿಡಿಸು, ರಿಸೆಟ್ ಆಯಿತೇ ನೋಡು, ಆಮೇಲೆ ಮುಂದಿನದು. ಪುಸ್ತಕದಲ್ಲಿ ದಿನಾಂಕ, ಬಟನ್ ನಂಬರು, ನಿಲ್ಲಲು ಹಿಡಿದ ಸೆಕೆಂಡು, ಲೂಪಿನ ಓಮ್. ಮೊದಲ ಪುಟದಲ್ಲಿ 14 ಮತ್ತು 1.9 ಬರೆದಿದೆ.